ಕಾರುಕರಕ್ಷಣೆ

ಮನುಷ್ಯನು ತನಗೆ ಬೇಕಾದ ಕೆಲಸಗಳನ್ನೆಲ್ಲ ತನ್ನ ಕೈಯಿಂದಲೇ ಮಾಡಿಕೊಳ್ಳಲಾರನು. ನೇಗಿಲು ಮುರಿದರೆ ಬಡಗಿಯ ಬಳಿಗೆ, ಕುಳ ಸವೆದರೆ ಕಮ್ಮಾರನ ಬಳಿಗೆ, ಒಡವೆಯ ಬೆಸುಗೆ ಬಿಟ್ಟರೆ ಅಕ್ಕಸಾಲಿಯ ಬಳಿಗೆ ಹೋಗಲೇಬೇಕು. ಹೋದಾಗ ಮುರಿದ ವಸ್ತುವಿನ ಜೊತೆಗೆ ತನ್ನ ಅಜ್ಞಾನವನ್ನೂ ಅವನ ಕೈಗೆ ಒಪ್ಪಿಸಬೇಕಾಗುತ್ತದೆ. ಕೆಟ್ಟಿರುವುದು ಏನೆಂದು ಹೇಳುವವನು ಆತನೇ. ಏನು ಮಾಡಬೇಕೆಂದು ನಿರ್ಣಯಿಸುವವನು ಆತನೇ. ಮಾಡಿದುದಕ್ಕೆ ಬೆಲೆ ಕಟ್ಟುವವನೂ ಆತನೇ. ಈ ಮೂರು ಅಧಿಕಾರಗಳು ಒಬ್ಬನ ಕೈಯಲ್ಲಿ ಸೇರಿರುವಲ್ಲಿ ಪ್ರಾಮಾಣಿಕತೆಯು ಬಹು ದೊಡ್ಡ ಪರೀಕ್ಷೆಗೆ ಒಳಗಾಗುತ್ತದೆ.

ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರ ಪ್ರಾಂತದಲ್ಲಿ ಈಗ ಈ ಮಾತಿಗೆ ನಿದರ್ಶನವಾಗಿರುವುದು ಮೋಟಾರು ಕಾರು. ಯಂತ್ರಗಳ ನಡುವೆ ಜೀವನ ಮಾಡುವವರು, ಕಂಪ್ಯೂಟರಿಗೆ ಆಜ್ಞೆ ಬರೆದು ಬದುಕುವವರು ಸಾವಿರಾರು ಮಂದಿ ಇಲ್ಲಿ ನೆಲೆಸಿದ್ದಾರೆ. ಆದರೂ ಗ್ಯಾರೇಜಿನಲ್ಲಿ ಕಾರಿನ ಬಾನೆಟ್ಟನ್ನು ಎತ್ತಿ ಮೇಸ್ತ್ರಿಯು “ಇದು ಹೋಗಿದೆ, ಬದಲಾಯಿಸಬೇಕು” ಎಂದಾಗ ವಿದ್ಯಾವಂತನಾದ ಯಜಮಾನನಿಗೂ ತಲೆಯಾಡಿಸುವುದಲ್ಲದೆ ಬೇರೆ ದಾರಿ ಕಾಣುವುದಿಲ್ಲ. ಹೀಗೆ ತಲೆಯಾಡಿಸಿ ಮೋಸಹೋದವರ ಗೊಣಗಾಟವು ಮನೆಮನೆಯಲ್ಲಿಯೂ ಕೇಳಬರುತ್ತದೆ. ಕಾಲ ಕೆಟ್ಟಿತೆಂದೂ ಈಗಿನ ಕೆಲಸಗಾರರು ಕೆಟ್ಟರೆಂದೂ ಜನರು ಹೇಳುವುದುಂಟು. ಚರಿತ್ರೆಯನ್ನು ನೋಡಿದರೆ ಈ ವ್ಯಾಜ್ಯವು ಬಹಳ ಹಳೆಯದೆಂಬುದೂ, ಹಿಂದಿನವರು ಇದಕ್ಕೆ ಗೊಣಗಾಟಕ್ಕಿಂತ ಉತ್ತಮವಾದ ಉಪಾಯಗಳನ್ನು ಕಂಡುಕೊಂಡಿದ್ದರೆಂಬುದೂ ತಿಳಿದುಬರುತ್ತದೆ.

೧

ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯ, ಕಾಡುಗೋಡಿ, ವರ್ತೂರು—ಇವು ಈಗ ಪೇಟೆಯೊಳಗಿನ ಬಡಾವಣೆಗಳ ಹೆಸರುಗಳಾದರೂ ಮೊದಲು ಕೆರೆಗಳ ಆಶ್ರಯದಲ್ಲಿದ್ದ ಹಳ್ಳಿಗಳು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿಂದೆ ರಿಪೇರಿ ಕೆಲಸವು ಯಾವ ಏರ್ಪಾಡಿನ ಮೇಲೆ ನಡೆಯುತ್ತಿತ್ತೆಂಬುದನ್ನು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸಗ್ರಂಥದಲ್ಲಿ ವಿವರಿಸಿದ್ದಾರೆ. ೧೮೧೦ರಲ್ಲಿ ಅದರ ಮೊದಲ ಸಂಪುಟವು ಹೊರಬಂದಿತು. ಪ್ರತಿ ಹಳ್ಳಿಯೂ ಒಂದು ಪುಟ್ಟ ಗಣರಾಜ್ಯದಂತಿದ್ದು, ಅದರ ಕೆಲಸಗಳನ್ನು ನಡೆಸಲು ಹನ್ನೆರಡು ಮಂದಿ ಆಯಗಾರರಿದ್ದರು: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ.

ಇವರಲ್ಲಿ ಕಮ್ಮಾರ ಬಡಗಿಗಳಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಕೂಲಿಯೆಂಬುದು ಸಾಮಾನ್ಯವಾಗಿ ಇರಲಿಲ್ಲ. ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಪ್ರತಿ ಒಕ್ಕಲಿನಿಂದಲೂ ಇಷ್ಟು ಧಾನ್ಯವೆಂದು ಅವರ ಪಾಲು ಸಲ್ಲುತ್ತಿತ್ತು. ಅದೇ ಆಯ. ಇನಾಮು ಭೂಮಿಯನ್ನು ಪಡೆದವರೂ ಇದ್ದರು. ವರ್ಷವೆಲ್ಲ ನೇಗಿಲು, ನೊಗ, ಬಂಡಿಯ ಗಾಲಿ ಇವುಗಳನ್ನು ಸುಸ್ಥಿತಿಯಲ್ಲಿಡುವುದು ಅವರ ಹೊಣೆ.

ಈ ಏರ್ಪಾಡಿನ ಒಳಗುಟ್ಟನ್ನು ಗಮನಿಸಬೇಕು. ಗಾಲಿಯು ಪದೇ ಪದೇ ಮುರಿದರೆ ಬಡಗಿಗೆ ಶ್ರಮ ಹೆಚ್ಚುತ್ತಿತ್ತೇ ಹೊರತು ಆಯ ಹೆಚ್ಚುತ್ತಿರಲಿಲ್ಲ. ಆದುದರಿಂದ ಇಲ್ಲದ ದೋಷವನ್ನು ಹುಡುಕಿ ತೋರಿಸುವುದರಿಂದ ಅವನಿಗೆ ಯಾವ ಲಾಭವೂ ಇಲ್ಲ. ಒಂದು ಸಲ ಮಾಡಿದ ಕೆಲಸ ಬಹುಕಾಲ ನಿಂತಷ್ಟೂ ಅವನಿಗೇ ಸುಖ. ಇದರ ಮೇಲೆ, ಅವನು ಮಾಡಿದ ಗಾಲಿಯು ಅವನ ಕಣ್ಣೆದುರಿನಲ್ಲೇ ಅದೇ ಊರಿನ ಓಣಿಯಲ್ಲಿ ಉರುಳಬೇಕಾಗಿತ್ತು. ಕೆಲಸದ ಗುಣವನ್ನು ಊರೆಲ್ಲ ನೋಡುತ್ತಿತ್ತು.

ಈ ಪದ್ಧತಿಯನ್ನು ಸ್ವರ್ಣಯುಗವೆಂದು ಹೊಗಳುವುದು ಸರಿಯಲ್ಲ. ಜಾತಿಗೆ ಕಟ್ಟುಬಿದ್ದು, ಬೇರೆ ಊರಿಗೆ ಹೋಗಿ ಹೆಚ್ಚು ಗಳಿಸುವ ದಾರಿಯಿಲ್ಲದೆ, ಬೆಳೆ ಬಾರದ ವರ್ಷ ಹಸಿದುಕೊಂಡು ದುಡಿದ ಕೈಗಳು ಎಷ್ಟೋ. ಚುರುಕಿನ ಕೆಲಸಗಾರನಿಗೂ ಮಂದಗತಿಯವನಿಗೂ ಒಂದೇ ಆಯವೆಂದಮೇಲೆ ಕೆಲಸದಲ್ಲಿ ಉದಾಸೀನವೂ ಬರುತ್ತಿತ್ತು. ಆದರೆ ಒಂದು ಸಂಗತಿ ಮಾತ್ರ ನಿಶ್ಚಯ: ಮುರಿದುದಕ್ಕೆ ಹಣ ಕೊಡುವ ಪದ್ಧತಿಗೂ ಮುರಿಯದಂತೆ ಇಟ್ಟುದಕ್ಕೆ ಹಣ ಕೊಡುವ ಪದ್ಧತಿಗೂ ಅಜಗಜಾಂತರವುಂಟು.

೨

ಹಳ್ಳಿಯಲ್ಲಿ ಪರಿಚಯವೇ ಕಾವಲಾಗಿತ್ತು. ಪಟ್ಟಣದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಕೆಲಸ ಮಾಡಿಸುವವನೂ ಮಾಡುವವನೂ ಒಬ್ಬರಿಗೊಬ್ಬರು ಅಪರಿಚಿತರು. ಪಟ್ಟಣದ ಈ ತೊಡಕನ್ನು ಕುರಿತು ಪ್ರಾಚೀನ ಭಾರತದಲ್ಲಿ ಆಳವಾಗಿ ಯೋಚಿಸಿದ ಗ್ರಂಥವೊಂದು ಮತ್ತೆ ಬೆಳಕಿಗೆ ಬಂದುದು ಮೈಸೂರಿನಲ್ಲಿಯೇ. ೧೯೦೫ರಲ್ಲಿ ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಯ ತಾಳೆಯೋಲೆಗಳಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ೧೯೦೯ರಲ್ಲಿ ಅದರ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಅವರು ಪ್ರಕಟಿಸಿದರು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದ್ದರೂ ಅದು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂಬುದರಲ್ಲಿ ಸಂದೇಹವಿಲ್ಲ.

ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಸಮಾಜದ ಮುಳ್ಳುಗಳನ್ನು ಹುಡುಕಿ ಕೀಳುವುದು ಎಂದರ್ಥ. ಅದರ ಮೊಟ್ಟಮೊದಲ ಪ್ರಕರಣವು ಕಾರುಕರಕ್ಷಣ, ಎಂದರೆ ಕುಶಲಕರ್ಮಿಗಳ ಮೋಸದಿಂದ ಜನರನ್ನು ಕಾಪಾಡುವ ಬಗೆ. ಕಾರು ಎಂದರೆ ಸಂಸ್ಕೃತದಲ್ಲಿ ಕುಶಲಕರ್ಮಿ. ಅದೇ ಶಬ್ದವು ಈಗಿನ ಕನ್ನಡದಲ್ಲಿ ವಾಹನಕ್ಕೆ ಸಲ್ಲುವುದರಿಂದ ಆ ಪ್ರಕರಣದ ಹೆಸರು ಮಹದೇವಪುರದ ಗ್ಯಾರೇಜಿಗೆಂದೇ ಇಟ್ಟಂತೆ ಕೇಳಿಸುತ್ತದೆ.

ಕೌಟಿಲ್ಯನು ಮೊದಲು ಬಯಸುವುದು ಒಪ್ಪಂದವನ್ನು. ಕಾಲ, ಸ್ಥಳ, ಕೆಲಸದ ಸ್ವರೂಪ ಈ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡು ಕೆಲಸ ನಡೆಯಬೇಕು. “ಇಂಥದೆಂದು ಗೊತ್ತಾಗಿರಲಿಲ್ಲ” ಎಂಬ ನೆಪದಿಂದ ಕಾಲಹರಣ ಮಾಡಿದವನಿಗೆ ಆಪತ್ತಿನ ಸಂದರ್ಭವಲ್ಲದೆ ಇದ್ದರೆ ಕೂಲಿಯಲ್ಲಿ ಕಾಲುಭಾಗ ಕಡಿತ. ಕೂಲಿಯ ಎರಡರಷ್ಟು ದಂಡ. ಹೇಳಿದುದಕ್ಕೆ ವಿರುದ್ಧವಾಗಿ ಮಾಡಿದವನಿಗೆ ಕೂಲಿಯೇ ಇಲ್ಲ, ದಂಡ ಬೇರೆ.

ಎರಡನೆಯದು ಅಳತೆ. ನೇಯ್ಗೆಯವನಿಗೆ ಹತ್ತು ಪಲದ ನೂಲು ಕೊಟ್ಟರೆ ಗಂಜಿಯ ತೂಕ ಸೇರಿ ಹನ್ನೊಂದು ಪಲದ ಬಟ್ಟೆ ಹಿಂದಿರುಗಬೇಕು. ಚಿನ್ನವನ್ನು ಯಾವ ಬಣ್ಣ, ಯಾವ ತೂಕದಲ್ಲಿ ಪಡೆದಿದ್ದನೋ ಅದೇ ಬಣ್ಣ, ಅದೇ ತೂಕದಲ್ಲಿ ಅಕ್ಕಸಾಲಿಯು ಒಪ್ಪಿಸಬೇಕು. ಅಗಸನು ತನ್ನದೆಂದು ತಿಳಿಯುವಂತೆ ಮುದ್ಗರದ ಗುರುತು ಹಾಕಿದ ಬಟ್ಟೆಯನ್ನಲ್ಲದೆ ಒಗೆಯಲು ಬಂದ ಬಟ್ಟೆಯನ್ನು ಉಟ್ಟರೆ ಮೂರು ಪಣ ದಂಡ. ಅದನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಅಡವಿಟ್ಟರೆ ಹನ್ನೆರಡು ಪಣ. ಅದಲು ಬದಲು ಮಾಡಿದರೆ ಬೆಲೆಯ ಎರಡರಷ್ಟು ದಂಡವನ್ನೂ ತೆತ್ತು ಬಟ್ಟೆಯನ್ನೂ ಕೊಡಬೇಕು. ರಿಪೇರಿಗೆ ಬಿಟ್ಟ ಕಾರನ್ನು ಗ್ಯಾರೇಜಿನ ಹುಡುಗರು ತಮ್ಮ ಓಡಾಟಕ್ಕೆ ಒಯ್ಯುವುದೂ, ಒಳ್ಳೆಯ ಬ್ಯಾಟರಿಯನ್ನು ತೆಗೆದು ಹಳೆಯದನ್ನು ಕೂರಿಸುವುದೂ ಇದೇ ಜಾತಿಯ ಅಪರಾಧಗಳು.

ಮೂರನೆಯದು ಮೂರನೆಯವನು. ಬಟ್ಟೆಯ ಬಣ್ಣದ ವಿಷಯದಲ್ಲಿ ವಿವಾದ ಹುಟ್ಟಿದರೆ ಆ ವಿದ್ಯೆಯಲ್ಲಿ ಕುಶಲರಾದವರು ಕೂಲಿಯನ್ನು ನಿರ್ಣಯಿಸಬೇಕೆಂದು ಅವನು ವಿಧಿಸುತ್ತಾನೆ. ಲಾಭವೂ ನಷ್ಟವೂ ತನಗಿಲ್ಲದ ಬಲ್ಲವನೊಬ್ಬನ ಮಾತು ಬೇಕೆಂಬುದು ತಾತ್ಪರ್ಯ.

ಮೋಸದ ಕೈಚಳಕಗಳನ್ನು ಅವನು ಎರಡನೆಯ ಅಧಿಕರಣದಲ್ಲಿ ಅಕ್ಕಸಾಲಿಯ ಪ್ರಸಂಗದಲ್ಲಿ ಬಿಡಿಸಿ ಹೇಳಿದ್ದಾನೆ. ಚಿನ್ನವನ್ನು ಅಪಹರಿಸುವುದಕ್ಕೆ ಐದು ಉಪಾಯಗಳು: ತಕ್ಕಡಿಯ ವೈಷಮ್ಯ, ಬೇರೆ ಲೋಹವನ್ನಿಟ್ಟು ಚಿನ್ನವನ್ನು ಸರಿಸುವುದು, ಕರಗಿಸುವಾಗ ಜಾರಿಸುವುದು, ಒಳಗೆ ಹಗುರ ಲೋಹವನ್ನಿಟ್ಟು ಹೊದಿಸುವುದು, ಬೆರಕೆ. ಇಷ್ಟಕ್ಕೇ ನಿಲ್ಲದೆ, ಗಿರಾಕಿಯ ಕಣ್ಣು ತಪ್ಪಿಸುವ ನಟನೆಗಳನ್ನೂ ಪಟ್ಟಿಮಾಡುತ್ತಾನೆ. ಕೈಯನ್ನು ಸರ್ರನೆ ಆಡಿಸುವುದು, ನೊಣ ಓಡಿಸುವುದು, ತನ್ನ ಮೈಯನ್ನು ತಾನೇ ನೋಡಿಕೊಳ್ಳುವುದು—ಇವುಗಳನ್ನು ಕಂಡರೆ ಎಚ್ಚರಗೊಳ್ಳಬೇಕು. ನೊಣ ಓಡಿಸುವವನ ಬದಲಿಗೆ “ತಾವು ಒಳಗೆ ಎ.ಸಿ. ಕೋಣೆಯಲ್ಲಿ ಕುಳಿತು ಕಾಫಿ ತೆಗೆದುಕೊಳ್ಳಿ” ಎನ್ನುವವನು ಈಗ ಬಂದಿದ್ದಾನೆ, ವ್ಯತ್ಯಾಸವಿರುವುದು ಇಷ್ಟೇ.

ಅಕ್ಕಸಾಲಿಯು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯು ಕನ್ನಡದಲ್ಲಿ ಹುಟ್ಟಿರುವುದು ಇಂಥ ಶಂಕೆಯಿಂದಲೇ. ಗಾದೆಯು ಒಂದು ಕಸುಬಿನವರನ್ನೆಲ್ಲ ಒಟ್ಟಾಗಿ ದೂಷಿಸಿ ಅನ್ಯಾಯ ಮಾಡುತ್ತದೆ. ಕೌಟಿಲ್ಯನು ಕಠಿಣನಾದರೂ ಅವನ ವಿಧಾನವು ಗಾದೆಗಿಂತ ನ್ಯಾಯವಾದುದು. ಎಲ್ಲರನ್ನೂ ಕಳ್ಳರೆನ್ನುವುದಕ್ಕಿಂತ ತೂಕ ನೋಡುವುದು ಲೇಸು. ತೂಕ ಸರಿಯಾಗಿದ್ದರೆ ಪ್ರಾಮಾಣಿಕನ ಮಾನವೂ ಉಳಿಯುತ್ತದೆ.

೩

ಹಳ್ಳಿಯ ಬಂಡಿಯಿಂದ ಮೋಟಾರು ಕಾರಿಗೆ ಮಹದೇವಪುರ ಸೀಮೆಯು ಬಂದುದು ಮೆಲ್ಲಮೆಲ್ಲನೆ. ೧೮೮೨ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ ಕೃಪೆಯಿಂದ ದೊರೆತ ಭೂಮಿಯಲ್ಲಿ ಯೂರೇಶಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಸಂಘವು ಬೇಸಾಯದ ವಸತಿಯೊಂದನ್ನು ಸ್ಥಾಪಿಸಿತು. ಸಂಘದ ಮುಖ್ಯಸ್ಥ ಡಿ. ಎಸ್. ವೈಟ್ ಅವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ೧೯೪೦ರಲ್ಲಿ ವಿಮಾನ ಕಾರ್ಖಾನೆಯೂ ೧೯೪೮ರಲ್ಲಿ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯೂ ನಗರದ ಪೂರ್ವಭಾಗಕ್ಕೆ ಬಂದವು. ೧೯೯೮ರಲ್ಲಿ ವೈಟ್‌ಫೀಲ್ಡಿನ ಬಳಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತೆರೆಯಿತು. ೨೦೦೭ರಲ್ಲಿ ಮಹದೇವಪುರದ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಒಂದೊಂದು ಹೆಜ್ಜೆಗೂ ರಸ್ತೆಯ ಮೇಲಿನ ವಾಹನಗಳು ಹೆಚ್ಚಿದವು.

ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕಗಳಲ್ಲಿ ದೇಶದಲ್ಲಿ ತಯಾರಾಗುತ್ತಿದ್ದ ಕಾರುಗಳು ಬೆರಳೆಣಿಕೆಯವು: ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್. ಅವುಗಳ ಯಂತ್ರವು ಸರಳವಾಗಿದ್ದು ಕಣ್ಣಿಗೆ ಕಾಣುವಂಥದು, ಕಿವಿಗೆ ಕೇಳುವಂಥದು. ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುವುದನ್ನು ಎಷ್ಟೋ ಯಜಮಾನರು ತಾವೇ ಕಲಿತಿದ್ದರು. ಬಿಡಿಭಾಗಗಳು ಜೆ. ಸಿ. ರಸ್ತೆಯಲ್ಲಿ ದೊರೆಯುತ್ತಿದ್ದವು, ಹಳೆಯ ಭಾಗ ಬೇಕಾದವರು ಶಿವಾಜಿನಗರದ ಗುಜರಿಗೆ ಹೋಗುತ್ತಿದ್ದರು. ಮೇಸ್ತ್ರಿಯ ವಿದ್ಯೆ ಶಾಲೆಯದಲ್ಲ. ಹನ್ನೆರಡರ ಪ್ರಾಯದಲ್ಲಿ ಸ್ಪ್ಯಾನರು ಎತ್ತಿಕೊಡುವ ಹುಡುಗನಾಗಿ ಸೇರಿ, ಬೈಗುಳ ತಿಂದು, ಕಿವಿಯಿಂದ ಕಲಿತದ್ದು. ಅಂಥ ಮೇಸ್ತ್ರಿಗೂ ಒಂದು ಮನೆತನಕ್ಕೂ ಇಪ್ಪತ್ತು ವರ್ಷಗಳ ನಂಟು ಇರುತ್ತಿದ್ದುದುಂಟು. ಹಳ್ಳಿಯ ಆಯಗಾರನ ನೆರಳು ಅವನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

೧೯೮೩ರ ಕೊನೆಗೆ ಮಾರುತಿ ಬಂದಿತು. ಮುಂದಿನ ದಶಕದಲ್ಲಿ ಪರದೇಶದ ಕಂಪೆನಿಗಳು ಬಂದವು. ೨೦೦೦ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದುದರಿಂದ ಕಾರ್ಬ್ಯುರೇಟರು ಹೋಗಿ ಕಂಪ್ಯೂಟರಿನ ಆಜ್ಞೆಯಂತೆ ಇಂಧನ ಚಿಮ್ಮಿಸುವ ಏರ್ಪಾಡು ನೆಲೆಗೊಂಡಿತು. ಆ ಮೇಲೆ ಯಂತ್ರದ ದೋಷವನ್ನು ಯಂತ್ರವೇ ಸಂಕೇತದಲ್ಲಿ ತಿಳಿಸುವ ಕಾಲ ಬಂದಿತು. ಸಂಕೇತವನ್ನು ಓದುವ ಸ್ಕ್ಯಾನರು ಯಾರ ಕೈಯಲ್ಲಿದೆಯೋ ವಿದ್ಯೆ ಅವನದಾಯಿತು. ಕಿವಿಯ ವಿದ್ಯೆಯ ಬೆಲೆ ಇಳಿಯಿತು. ಇಲ್ಲೊಂದು ಸೂಕ್ಷ್ಮವುಂಟು. ಸಂಕೇತವು ತೋರಿಸುವುದು ಎಲ್ಲಿ ವ್ಯತ್ಯಾಸವಾಗಿದೆ ಎಂಬುದನ್ನೇ ಹೊರತು ಯಾವ ಭಾಗವನ್ನು ಬದಲಿಸಬೇಕೆಂಬುದನ್ನಲ್ಲ. ಆಕ್ಸಿಜನ್ ಸೆನ್ಸರಿನ ಸಂಕೇತವು ಬಂದಾಗ ಸೆನ್ಸರು ಚೆನ್ನಾಗಿಯೇ ಇದ್ದು, ಗಾಳಿಯ ಕೊಳವೆಯ ಒಂದು ಬಿರುಕು ಕಾರಣವಾಗಿರಬಹುದು. ಪರೀಕ್ಷಿಸದೆ ಸೆನ್ಸರನ್ನು ಬದಲಿಸುವವನು ಮೋಸಗಾರನಾಗಿರಬಹುದು, ಅರೆಬಲ್ಲವನಾಗಿರಬಹುದು. ಯಜಮಾನನ ಕಿಸೆಗೆ ಎರಡೂ ಒಂದೇ.

೪

ಮೋಟಾರು ಮೊದಲು ಮನೆಮನೆಗೆ ಬಂದ ಅಮೆರಿಕದಲ್ಲಿ ಈ ವ್ಯಾಜ್ಯವೂ ಮೊದಲು ಬೆಳೆಯಿತು. ೧೯೪೧ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯು ಒಂದು ಪರೀಕ್ಷೆಯನ್ನು ನಡೆಸಿತು. ಸುಸ್ಥಿತಿಯಲ್ಲಿರುವ ಕಾರೊಂದರ ಕಾಯಿಲಿನಿಂದ ಒಂದು ತಂತಿಯನ್ನು ಕಳಚಿ, ಏನೂ ಅರಿಯದ ಪ್ರಯಾಣಿಕರಂತೆ ತನಿಖೆಯವರು ಊರೂರು ಸುತ್ತಿ ೩೪೭ ಗ್ಯಾರೇಜುಗಳನ್ನು ಹೊಕ್ಕರು. ಕಣ್ಣಿದ್ದವನಿಗೆ ಅದು ಕ್ಷಣದ ಕೆಲಸ. ೧೨೯ ಗ್ಯಾರೇಜುಗಳು ನ್ಯಾಯವಾಗಿ ವರ್ತಿಸಿದವು. ಉಳಿದ ೨೧೮, ಎಂದರೆ ನೂರಕ್ಕೆ ಅರುವತ್ತಮೂರು, ಮಾಡದ ಕೆಲಸಕ್ಕೋ ಬೇಡದ ಕೆಲಸಕ್ಕೋ ಅತಿಯಾದ ಬೆಲೆಗೋ ಹಣ ಕಿತ್ತವು.

ಅದೇ ದೇಶದ ಕ್ಯಾಲಿಫೋರ್ನಿಯ ಸಂಸ್ಥಾನವು ೧೯೭೧ರಲ್ಲಿ ಶಾಸನವೊಂದನ್ನು ಮಾಡಿ ರಿಪೇರಿಯ ಮೇಲ್ವಿಚಾರಣೆಗೆ ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ಅಂದಾಜನ್ನು ಬರಹದಲ್ಲಿ ಕೊಡಬೇಕು. ಅದನ್ನು ಮೀರುವ ಮುನ್ನ ಯಜಮಾನನ ಒಪ್ಪಿಗೆ ಪಡೆಯಬೇಕು. ಕೇಳಿದರೆ ತೆಗೆದ ಹಳೆಯ ಭಾಗವನ್ನು ಹಿಂದಿರುಗಿಸಬೇಕು. ಒಪ್ಪಂದ, ಅಳತೆ, ಮೇಲ್ವಿಚಾರಕ—ಕೌಟಿಲ್ಯನ ಮೂರು ಸೂತ್ರಗಳೇ ಬೇರೆ ವೇಷದಲ್ಲಿ ಅಲ್ಲಿ ಕಾಣಿಸಿಕೊಂಡವು. ಆ ಇಲಾಖೆಯ ಗುಪ್ತಚರರು ಸಿಯರ್ಸ್ ಎಂಬ ಪ್ರಸಿದ್ಧ ವ್ಯಾಪಾರ ಸಂಸ್ಥೆಯ ರಿಪೇರಿ ಶಾಲೆಗಳಿಗೆ ೩೮ ಸಲ ಕಾರನ್ನು ಒಯ್ದಾಗ ೩೪ ಸಲ ಅನಾವಶ್ಯಕವಾದ ಕೆಲಸವನ್ನು ಮಾರಿದುದು ೧೯೯೨ರಲ್ಲಿ ಬಯಲಿಗೆ ಬಂದಿತು. ಅಲ್ಲಿನ ಕೆಲಸಗಾರರು ಹುಟ್ಟುಕಳ್ಳರಲ್ಲ. ಇಷ್ಟು ಮಾರಬೇಕೆಂಬ ಗುರಿಯನ್ನೂ, ಮಾರಿದುದರ ಮೇಲೆ ಕಮಿಷನ್ನನ್ನೂ ಸಂಸ್ಥೆಯು ಅವರಿಗೆ ವಿಧಿಸಿತ್ತು. ಗಿರಾಕಿಯೊಡನೆ ಮಾತನಾಡಿ ಕೆಲಸ ಸೂಚಿಸುವವರಿಗೆ ಕೊಡುತ್ತಿದ್ದ ಕಮಿಷನ್ನನ್ನು ಅದು ಆ ಬಳಿಕ ನಿಲ್ಲಿಸಿತು.

ಈ ಸಂಗತಿಗೆ ಅರ್ಥಶಾಸ್ತ್ರಜ್ಞರು ಕಾರಣವನ್ನು ಹೇಳಿದ್ದಾರೆ. ೧೯೭೦ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ, ಒಳ್ಳೆಯದಾವುದು ಕೆಟ್ಟದ್ದಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಎಲ್ಲಕ್ಕೂ ಒಂದೇ ಬೆಲೆ ಬರುವುದೆಂದೂ, ಆ ಬೆಲೆಯಲ್ಲಿ ಒಳ್ಳೆಯದನ್ನು ಮಾರುವವನು ಪೇಟೆಯನ್ನೇ ಬಿಟ್ಟುಹೋಗುವನೆಂದೂ ತೋರಿಸಿದರು; ಇದಕ್ಕೆ ಅವರು ೨೦೦೧ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಡನೆ ಪಡೆದರು. ೧೯೭೩ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬವರು ರಿಪೇರಿ ಸೇವೆಗಳನ್ನು ಕುರಿತು ಬರೆದು, ರೋಗನಿದಾನವನ್ನೂ ಚಿಕಿತ್ಸೆಯನ್ನೂ ಒಬ್ಬನೇ ಮಾರುವಲ್ಲಿ ವಂಚನೆಗೆ ಅವಕಾಶವೇರ್ಪಡುವುದನ್ನು ವಿವರಿಸಿದರು. ಕೆಲಸ ಮುಗಿದ ಮೇಲೂ ಅದು ಬೇಕಾಗಿತ್ತೇ ಬೇಡವಾಗಿತ್ತೇ ಎಂಬುದು ಕೊಂಡವನಿಗೆ ತಿಳಿಯದ ಸರಕು ಅದು. ಇದರಿಂದ ಮೊದಲು ಕೆಡುವವನು ಪ್ರಾಮಾಣಿಕ ಮೇಸ್ತ್ರಿ. ತಂತಿಯನ್ನು ಸಿಕ್ಕಿಸಿ ಹತ್ತು ರೂಪಾಯಿ ಕೇಳಿದವನಿಗೂ ಕಾಯಿಲನ್ನೇ ಬದಲಿಸಿ ಸಾವಿರ ಕೇಳಿದವನಿಗೂ ಜನರ ಶಂಕೆ ಒಂದೇ ಸಮನಾಗಿದ್ದರೆ, ಮೊದಲನೆಯವನು ಎಷ್ಟು ಕಾಲ ಹಾಗೆಯೇ ಇದ್ದಾನು?

೫

ಭಾರತದಲ್ಲಿ ಈ ವ್ಯಾಜ್ಯವು ದೊಡ್ಡ ನ್ಯಾಯಸ್ಥಾನವನ್ನು ಏರಿದುದು ೨೦೧೪ರಲ್ಲಿ. ಆ ವರ್ಷದ ಆಗಸ್ಟ್ ೨೫ರಂದು ಭಾರತೀಯ ಸ್ಪರ್ಧಾ ಆಯೋಗವು ೧೪ ಕಾರು ಕಂಪೆನಿಗಳ ವಿರುದ್ಧ ಆದೇಶ ನೀಡಿತು. ಅಸಲಿ ಬಿಡಿಭಾಗಗಳನ್ನೂ ದೋಷಪರೀಕ್ಷೆಯ ಸಾಧನಗಳನ್ನೂ ತಾಂತ್ರಿಕ ವಿವರಗಳನ್ನೂ ಹೊರಗಿನ ಸ್ವತಂತ್ರ ಮೇಸ್ತ್ರಿಗಳಿಗೆ ದೊರೆಯದಂತೆ ತಡೆದು ಯಜಮಾನರನ್ನು ತಮ್ಮ ಬಾಗಿಲಿಗೇ ಬರುವಂತೆ ಮಾಡಿದರೆಂಬುದು ಆಯೋಗದ ತೀರ್ಮಾನ. ದಂಡದ ಮೊತ್ತ ೨,೫೦೦ ಕೋಟಿ ರೂಪಾಯಿಗಳನ್ನು ಮೀರಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತನ್ನು ಕೈಬಿಡಬೇಕೆಂದೂ ಆಯೋಗ ಹೇಳಿತು. ಆದೇಶದ ಮೇಲೆ ಮೇಲ್ಮನವಿಗಳು ನಡೆದವು. ಬೀದಿಯ ಮೇಸ್ತ್ರಿಯೊಬ್ಬನೇ ಕಂಟಕನೆಂದು ತಿಳಿದಿದ್ದವರಿಗೆ ಗಾಜಿನ ಮನೆಯ ವರ್ಕ್‌ಶಾಪಿನಲ್ಲಿಯೂ ವಿಚಾರಿಸತಕ್ಕ ಸಂಗತಿಗಳಿವೆಯೆಂಬುದು ಇದರಿಂದ ಗೊತ್ತಾಯಿತು. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ರಿಪೇರಿಯ ಹಕ್ಕಿನ ಬಗ್ಗೆ ಒಂದು ಮಾಹಿತಿ ತಾಣವನ್ನು ತೆರೆದಾಗ ಅದರಲ್ಲಿ ಮೋಟಾರು ವಾಹನಗಳೂ ಸೇರಿದವು.

ಅದೇ ವರ್ಷ ಸೆಪ್ಟೆಂಬರ್ ೪ರ ರಾತ್ರಿ ಬೆಂಗಳೂರಿನಲ್ಲಿ ೧೩೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯಿತು. ಕೆರೆಗಳ ತೂಬನ್ನು ಕಾಯುತ್ತಿದ್ದ ನೀರುಗಂಟಿಯು ಹೋಗಿ ಬಹಳ ಕಾಲವಾಗಿತ್ತು. ರಾಜಕಾಲುವೆಗಳು ಕಟ್ಟಡಗಳ ನಡುವೆ ಇಕ್ಕಟ್ಟಾಗಿದ್ದವು. ಮಹದೇವಪುರ ವಲಯದ ಬಡಾವಣೆಗಳಲ್ಲಿ ನೀರು ನಿಂತು ನೆಲಮಾಳಿಗೆಯ ಕಾರುಗಳು ಮುಳುಗಿದವು. ಮುಳುಗಿದ ಕಾರಿನ ಎಂಜಿನನ್ನು ತಿರುಗಿಸಬಾರದು. ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗಲಾರದುದರಿಂದ ಪಿಸ್ಟನ್ನಿನ ದಂಡವೇ ಬಾಗುತ್ತದೆ. ಸುಮ್ಮನೆ ಒಣಗಿಸಿ ತೊಳೆದರೆ ಸಾಲುತ್ತಿದ್ದ ಕೆಲಸವು ಎಂಜಿನ್ ಬದಲಿಸುವವರೆಗೂ ಹೋಗುತ್ತದೆ. ಒಳಗೆ ನೀರು ಎಷ್ಟು ಹೋಗಿದೆಯೆಂಬುದು ಹೊರಗಿನಿಂದ ಕಾಣುವಂಥದಲ್ಲ. ಅಂದಾಜು ಮಾಡುವವನ ಮಾತಿಗೆ ಅಷ್ಟು ಅಧಿಕಾರವು ಎಂದೂ ಬಂದಿರಲಿಲ್ಲ.

ಆಗ ಪತ್ರಿಕೆ ಪತ್ರಿಕೆಗಳಲ್ಲಿ ಹರಡಿದ ಒಂದು ಪ್ರಸಂಗವುಂಟು. ಸುಮಾರು ಹನ್ನೊಂದು ಲಕ್ಷ ರೂಪಾಯಿ ಬೆಲೆಯ ಕಾರೊಂದನ್ನು ಅದರ ಯಜಮಾನರು ವೈಟ್‌ಫೀಲ್ಡಿನ ವರ್ಕ್‌ಶಾಪಿಗೆ ಸಾಗಿಸಿದರು. ಸುಮಾರು ಇಪ್ಪತ್ತು ದಿನಗಳ ಮೇಲೆ ಬಂದ ಅಂದಾಜು ಪಟ್ಟಿಯ ಮೊತ್ತ ಇಪ್ಪತ್ತೆರಡು ಲಕ್ಷ! ವಿಮೆಯವರು ಕಾರು ಪೂರ್ತಿ ನಷ್ಟವಾಯಿತೆಂದು ಪರಿಗಣಿಸಲು ಒಪ್ಪಿದರು. ಕಾರನ್ನು ತರಲು ಹೋದಾಗ ಅಂದಾಜಿನ ಕಾಗದಪತ್ರಗಳಿಗೆಂದು ೪೪,೮೪೦ ರೂಪಾಯಿಗಳನ್ನು ಕೇಳಲಾಯಿತು. ಯಜಮಾನರು ಕಂಪೆನಿಗೆ ದೂರಿತ್ತ ಮೇಲೆ ಅದು ೫,೦೦೦ಕ್ಕೆ ಇಳಿಯಿತು. ಇದನ್ನು ವಂಚನೆಯೆಂದು ಕರೆಯಬೇಕಾಗಿಲ್ಲ. ಒಂದೊಂದು ಭಾಗಕ್ಕೂ ಹೊಸ ಭಾಗದ ಬೆಲೆಯನ್ನು ಹಾಕಿ ಕೂಡುತ್ತ ಹೋದರೆ ಬಿಡಿಭಾಗಗಳ ಬೆಲೆಯು ಇಡೀ ಕಾರಿನ ಬೆಲೆಯನ್ನು ಮೀರುವುದು ಸಾಧ್ಯ. ಆದರೆ ನಲವತ್ತನಾಲ್ಕು ಸಾವಿರವು ಐದು ಸಾವಿರವಾಗಬಹುದಾದರೆ, ಮೊದಲಿನ ಮೊತ್ತಕ್ಕೆ ಆಧಾರವೇನಿತ್ತೆಂಬ ಪ್ರಶ್ನೆಯು ಉಳಿಯುತ್ತದೆ. ದೋಷಪರೀಕ್ಷೆಗೆ ಎಷ್ಟು, ಅಂದಾಜಿಗೆ ಎಷ್ಟು ಎಂಬುದನ್ನು ಕಾರು ಒಳಗೆ ಹೋಗುವ ಮೊದಲೇ ಬರಹದಲ್ಲಿ ಪಡೆಯಬೇಕೆಂಬ ಪಾಠವನ್ನು ಈ ಪ್ರಸಂಗವು ಕಲಿಸಿತು.

೬

ಮೇಲಿನ ಚರಿತ್ರೆಯಿಂದ ಗೃಹಸ್ಥನಿಗೆ ದೊರೆಯುವ ನಿಯಮಗಳು ಹೆಚ್ಚಿನವಲ್ಲ. ಮೇಸ್ತ್ರಿಗೆ ರೋಗಲಕ್ಷಣವನ್ನು ಹೇಳಬೇಕು, ಔಷಧವನ್ನು ಹೇಳಬಾರದು. “ಬ್ರೇಕು ಒತ್ತಿದರೆ ಕಿರ್ರೆನ್ನುತ್ತದೆ” ಎಂದರೆ ಅವನು ನೋಡಿ ಹೇಳುತ್ತಾನೆ. “ಬ್ರೇಕ್ ಪ್ಯಾಡು ಬದಲಿಸಿ” ಎಂದರೆ ಬೇಕಿಲ್ಲದಿದ್ದರೂ ಬದಲಿಸುತ್ತಾನೆ. ಮಾಡತಕ್ಕ ಕೆಲಸ, ತಗಲುವ ಹಣ, ಕೊಡುವ ದಿನ ಈ ಮೂರನ್ನೂ ಬರೆಯಿಸಿಕೊಂಡು, ಅದನ್ನು ಮೀರುವ ಮುನ್ನ ಕೇಳಬೇಕೆಂದು ತಿಳಿಸಬೇಕು. ಕಾರನ್ನು ಬಿಡುವಾಗ ಓಡಿದ ಕಿಲೋಮೀಟರು, ಇರುವ ಪೆಟ್ರೋಲು, ಬ್ಯಾಟರಿಯ ಸಂಖ್ಯೆ, ಸ್ಟೆಪ್ನಿ, ಜಾಕು ಇವುಗಳನ್ನು ಗುರುತುಹಾಕಿಕೊಳ್ಳಬೇಕು. ಚಿನ್ನವನ್ನು ತೂಗಿ ಕೊಡುವುದೆಂದರೆ ಇದೇ. ತೆಗೆದ ಹಳೆಯ ಭಾಗವನ್ನೂ ಹಾಕಿದ ಹೊಸ ಭಾಗದ ಡಬ್ಬಿಯನ್ನೂ ಕೇಳಿ ಪಡೆಯಬೇಕು, ಮತ್ತು ಇದನ್ನು ಮೊದಲೇ ಹೇಳಿರಬೇಕು. ಟೈರಿನ ಗೆರೆಯ ಆಳ ೧.೬ ಮಿಲಿಮೀಟರಿಗೆ ಇಳಿದರೆ ಬದಲಿಸಬೇಕೆಂಬಂಥ ಅಳತೆಗಳನ್ನೂ, ಎಷ್ಟು ಕಿಲೋಮೀಟರಿಗೆ ಯಾವ ಕೆಲಸವೆಂಬುದನ್ನೂ ಕಾರಿನೊಡನೆ ಬಂದ ಪುಸ್ತಕದಲ್ಲಿ ನೋಡಿಕೊಂಡರೆ “ಫ್ಲಶ್ಶು”, “ಡೀಕಾರ್ಬನೈಸಿಂಗು” ಎಂಬ ಹೆಸರುಗಳಿಗೆ ಬೆದರಬೇಕಾಗಿಲ್ಲ. ದೊಡ್ಡ ಮೊತ್ತದ ಕೆಲಸವಾದರೆ ರಿಪೇರಿಯ ಲಾಭವಿಲ್ಲದ ಇನ್ನೊಬ್ಬ ಬಲ್ಲವನಿಂದ ಪರೀಕ್ಷೆ ಮಾಡಿಸಿ, ಪರೀಕ್ಷೆಗೆ ಮಾತ್ರ ಹಣ ಕೊಡಬೇಕು. ಕೌಟಿಲ್ಯನ ಕುಶಲನೆಂದರೆ ಇವನೇ; ವಿಮೆಯ ವ್ಯವಹಾರದಲ್ಲಿ ಲೈಸೆನ್ಸು ಪಡೆದ ಸರ್ವೇಯರನು ಆ ಸ್ಥಾನದಲ್ಲಿದ್ದಾನೆ.

ಇಷ್ಟಾದರೂ ಅನ್ಯಾಯವಾದರೆ ಕಾನೂನು ಇದೆ. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಬದಲಿಗೆ ೨೦೧೯ರ ಹೊಸ ಕಾಯಿದೆಯು ೨೦೨೦ರ ಜುಲೈನಲ್ಲಿ ಜಾರಿಗೆ ಬಂದಿತು. ಬಿಲ್ಲು ಕೊಡದಿರುವುದನ್ನೇ ಅದು ಅನುಚಿತ ವ್ಯಾಪಾರವೆಂದು ಎಣಿಸುತ್ತದೆ. ದೂರು ಕೊಡುವವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ೧೯೧೫ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಲಹೆ ಪಡೆಯಬಹುದು. ಬರಹವಿಲ್ಲದವನ ದೂರಿಗೆ ಮಾತ್ರ ಬಲವಿಲ್ಲ. ತೆರಿಗೆ ಉಳಿಸುವ ಆಸೆಯಿಂದ ಬಿಲ್ಲು ಬೇಡವೆಂದವನು ತನ್ನ ಸಾಕ್ಷಿಯನ್ನು ತಾನೇ ಕೊಂದಂತಾಗುತ್ತದೆ.

ಇಲ್ಲಿ ಯಜಮಾನನ ಮುಳ್ಳುಗಳನ್ನೂ ಹೇಳಬೇಕು. ಹಳೆಯ ಗೀರನ್ನು ಹೊಸ ಅಪಘಾತವೆಂದು ಬರೆಸಿ ವಿಮೆಯ ಹಣ ಎತ್ತಲು ಮೇಸ್ತ್ರಿಯನ್ನು ಪಾಲುಗಾರನನ್ನಾಗಿ ಮಾಡಿಕೊಳ್ಳುವ ವಿದ್ಯಾವಂತರಿದ್ದಾರೆ. ಸುಳ್ಳು ಬಿಲ್ಲನ್ನು ಬರೆಯಲು ಒಮ್ಮೆ ಕಲಿಸಿದ ಮೇಲೆ ಆ ವಿದ್ಯೆಯು ತಮ್ಮ ಮೇಲೆ ಪ್ರಯೋಗವಾಗದೆಂದು ಅವರು ನಂಬುವುದು ಹೇಗೆ? ಒಂದು ಗಂಟೆಯ ಕಾಲ ಕಾರಿನಡಿಯಲ್ಲಿ ಮಲಗಿ ನೋಡಿ “ಏನೂ ಆಗಿಲ್ಲ, ಒಂದು ಬೋಲ್ಟು ಸಡಿಲವಾಗಿತ್ತು” ಎಂದು ಹೇಳಿದವನಿಗೆ “ಬೋಲ್ಟು ಬಿಗಿದುದಕ್ಕೆ ದುಡ್ಡೇ?” ಎಂದು ಕೇಳಿ ಹೊರಟುಹೋಗುವವರು ಇನ್ನೂ ಹೆಚ್ಚು. ಆ ಮೇಸ್ತ್ರಿಗೂ ಮಕ್ಕಳ ಶಾಲೆಯ ಫೀಜು ಇದೆ, ಅಂಗಡಿಯ ಬಾಡಿಗೆ ಇದೆ. ಸತ್ಯ ಹೇಳಿದುದಕ್ಕೆ ಏನೂ ಹುಟ್ಟದೆ, ಇಲ್ಲದ ದೋಷ ತೋರಿಸಿದರೆ ಸಾವಿರ ಹುಟ್ಟುವುದಾದರೆ, ಅವನನ್ನು ಕೆಡಿಸಿದ ಪಾಪದಲ್ಲಿ ಗಿರಾಕಿಗೂ ಪಾಲುಂಟು.

ಆಯಗಾರನ ಕಾಲವು ಮತ್ತೆ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ಚೆನ್ನಾಗಿ ನಡೆಯುವ ಗಾಲಿಗೆ ಧಾನ್ಯ ಅಳೆದುಕೊಟ್ಟ ಆ ಕಣದ ಲೆಕ್ಕವು ಸುಳ್ಳಾಗಿರಲಿಲ್ಲ. ನೋಡಿದುದಕ್ಕೆ, ಪರೀಕ್ಷಿಸಿದುದಕ್ಕೆ, “ಬೇಡ, ಇನ್ನೂ ಆರು ತಿಂಗಳು ಓಡುತ್ತದೆ” ಎಂದುದಕ್ಕೆ ಸಲ್ಲತಕ್ಕ ಹಣವನ್ನು ಬಿಲ್ಲು ಪಡೆದು ಸಂತೋಷದಿಂದ ಕೊಡುವ ಮನೆಗಳು ಒಂದು ಬೀದಿಯಲ್ಲಿ ಹತ್ತು ಇದ್ದರೆ, ಆ ಬೀದಿಯಲ್ಲಿ ಒಬ್ಬ ಪ್ರಾಮಾಣಿಕ ಮೇಸ್ತ್ರಿಯು ಬಾಗಿಲು ಹಾಕದೆ ಬದುಕಬಲ್ಲನು.